ಒಂದು ಸೀಟು ಬಿಟ್ಟು ಒಂದು ಸೀಟು

“ಒಂದು ಸೀಟು ಬಿಟ್ಟು ಒಂದು ಸೀಟು ಕೂರಿಸಿ ಮೇಡಂ. ಒತ್ತಾಗಿ ಕೂತ್ರೆ ಮಿಕ್ಕಿದ್ದೆಲ್ಲ ಖಾಲಿ ಕಾಣ್ಸುತ್ತೆ,” ಎಂದ ಪ್ರೆಸ್ಟನ್. ಕಿವಿಗೊಂದು ಯಂತ್ರ, ಕೈಗೊಂದು ಫೋನು, ಕೊರಳಲ್ಲಿ ವಿಶ್ವವಿದ್ಯಾಲಯದ ನೇರಳೆ ಪಟ್ಟಿ. ಅವನ ಹುದ್ದೆಯ ಹೆಸರು ‘ಅಭಿಮಾನಿ ಅನುಭವ ನಿರ್ದೇಶಕ’. ಅಭಿಮಾನಿಗಳೇ ಇಲ್ಲದ ಕಡೆ ಅವರ ಅನುಭವಕ್ಕೊಬ್ಬ ನಿರ್ದೇಶಕ.

ರೋಂಡಾ ಸ್ಟಕಿ ತನ್ನ ಮಕ್ಕಳ ಕಡೆ ನೋಡಿದಳು. ಬ್ರಾಂಟ್‌ವಿಲ್ ಹೈಸ್ಕೂಲಿನ ಬ್ಯಾಂಡಿಗೆ ಅವಳು ಮೇಷ್ಟ್ರು. ಮಕ್ಕಳು ಕತ್ತಲಿರುವಾಗಲೇ ಎದ್ದು, ಉಣ್ಣೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿಕೊಂಡು, ಗರಿಯ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಹಳದಿ ಬಸ್ಸಿನಲ್ಲಿ ಬಂದವರು. ಈಗ ಆ ಸಮವಸ್ತ್ರದ ಮೇಲೆ ನೇರಳೆ ಟೀ ಶರ್ಟ್ ಏರಿಸಿಕೊಂಡು, ಪೂರ್ವದ ಗ್ಯಾಲರಿಯಲ್ಲಿ ಬಿಸಿಲಿಗೆ ಮುಖ ಕೊಟ್ಟು ನಿಂತಿದ್ದರು. ಟೀವಿ ಕ್ಯಾಮೆರಾ ಎದುರುಗಡೆ ಇದ್ದದ್ದರಿಂದ ಅವರಿಗೆ ಈ ಜಾಗ. ಅಪ್ಪ ಅಮ್ಮಂದಿರನ್ನು ದಕ್ಷಿಣದ ಮೂಲೆಗೆ, ಮೇಲಕ್ಕೆ ಅಟ್ಟಿದ್ದರು.

“ಮಧ್ಯದ ಸೀಟಿಗೆ ಏನು ಮಾಡೋದು?” ಎಂದಳು ರೋಂಡಾ.

“ವಾದ್ಯ ಇಡಿ. ಅದಕ್ಕೂ ಒಂದು ಶರ್ಟ್ ಹಾಕ್ಬಿಡಿ.”

“ಟ್ಯೂಬಾಗೆ ಶರ್ಟಾ?”

“ಟೀವೀಲಿ ದೂರದಿಂದ ಗೊತ್ತಾಗಲ್ಲ ಮೇಡಂ.”

ಟ್ಯೂಬಾ ಊದುವ ಕೋಲ್ಬಿ ನಿಜಕ್ಕೂ ಅದರ ಹಿತ್ತಾಳೆಯ ಬಾಯಿಗೆ ಶರ್ಟು ತೊಡಿಸಿಬಿಟ್ಟ. “ಮಿಸ್, ಇದಕ್ಕೆ ನನಗಿಂತ ಒಂದು ಸೈಜು ದೊಡ್ಡದು ಬೇಕಾಯ್ತು,” ಎಂದ. ಮಕ್ಕಳು ನಕ್ಕರು. ರೋಂಡಾಗೆ ನಗು ಬರಲಿಲ್ಲ. ನುಡಿಸಲು ಬಂದಿದ್ದೇವೆ, ನುಡಿಸಿ ಹೋಗೋಣ, ಕೂರುವ ವಿಷಯಕ್ಕೆ ಜಗಳ ಯಾಕೆ ಎಂದುಕೊಂಡಳು.

ಆ ಕ್ರೀಡಾಂಗಣದ ಕಥೆ ಕ್ಯಾನ್ಸಸ್‌ನ ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಒಳ್ಳೆಯ ಕಾಲದಲ್ಲಿ ಕಟ್ಟಿದ್ದು. ಈಗ ಶನಿವಾರದ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಅರ್ಧವೂ ತುಂಬುವುದಿಲ್ಲ. ಜನ ಹೀಗೇ ಕಡಿಮೆಯಾಗುತ್ತ ಹೋದರೆ ಲೀಗಿನ ನಿಯಮದಂತೆ ತಂಡ ಕೆಳದರ್ಜೆಗೆ ಬೀಳುತ್ತದೆ, ಅದರ ಹಿಂದೆಯೇ ಟೀವಿಯವರೂ ಎದ್ದು ಹೋಗುತ್ತಾರೆ ಎಂಬ ಭಯ. ಮೊದಲು ಬಿಟ್ಟಿ ಸಾಸೇಜ್ ಹಂಚಿದರು. ಆಮೇಲೆ ಕೊನೆಯವರೆಗೆ ಕೂತ ವಿದ್ಯಾರ್ಥಿಗಳಿಗೆ ಅಂಕ ಕೊಟ್ಟರು. ಅದೂ ಸಾಗದಿದ್ದಾಗ, ಒಮ್ಮೆ ಹೊರಗೆ ಹೋದವರಿಗೆ ಮತ್ತೆ ಒಳಗೆ ಪ್ರವೇಶವಿಲ್ಲ ಎಂದು ಬಾಗಿಲು ಹಾಕಿದರು. ಜನ ಏನು ಮಾಡಿದರು? ಒಳಗೇ ಬರಲಿಲ್ಲ. ವಾಹನ ನಿಲ್ಲಿಸುವ ಬಯಲಲ್ಲೇ ಕೆಂಡ ಹಾಕಿ, ಮಾಂಸ ಸುಟ್ಟುಕೊಂಡು, ಪಿಕಪ್ಪಿನ ಹಿಂಬದಿಯಲ್ಲಿ ಟೀವಿ ಇಟ್ಟುಕೊಂಡು, ಗೋಡೆಯಾಚೆಗಿನ ಆಟವನ್ನು ಅಲ್ಲೇ ನೋಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ವಿಶ್ವವಿದ್ಯಾಲಯ ಮನೆಯಷ್ಟು ದೊಡ್ಡ ಪರದೆಯೊಂದನ್ನು ಕ್ರೀಡಾಂಗಣದೊಳಗೆ ತಂದು ನಿಲ್ಲಿಸಿತು. ಅದಕ್ಕೂ ಯಾರೂ ಬರಲಿಲ್ಲ. ಕೊನೆಗೆ ಯಾರಿಗೋ ಬ್ಯಾಂಡ್ ಡೇ ನೆನಪಾಯಿತು.

ಹಿಂದೆಲ್ಲ ವರ್ಷಕ್ಕೊಮ್ಮೆ ಸುತ್ತಲಿನ ಊರುಗಳ ಶಾಲಾ ಬ್ಯಾಂಡುಗಳನ್ನು ಕರೆಸಿ, ಆಟದ ವಿರಾಮದಲ್ಲಿ ಎಲ್ಲರನ್ನೂ ಮೈದಾನದ ತುಂಬ ನಿಲ್ಲಿಸಿ ಒಟ್ಟಿಗೆ ನುಡಿಸುತ್ತಿದ್ದರು. ರೋಂಡಾ ಹುಡುಗಿಯಾಗಿದ್ದಾಗ ಆ ಹುಲ್ಲಿನ ಮೇಲೆ ಕ್ಲಾರಿನೆಟ್ ಹಿಡಿದು ನಿಂತವಳೇ. ನಿಂತುಹೋಗಿದ್ದ ಆ ಪದ್ಧತಿ ಮತ್ತೆ ಶುರುವಾಗುತ್ತದೆ ಎಂದು ತಿಳಿದಾಗ ಅವಳಿಗೆ ಕಣ್ಣು ತುಂಬಿತ್ತು. ಎಲ್ಲ ಶಾಲೆಗಳಿಗೂ ಒಂದೇ ರಾಗ ಕಳಿಸಿದ್ದರು. ಅದರ ನಟ್ಟನಡುವೆ ಬೇರೆಲ್ಲ ವಾದ್ಯಗಳೂ ನಿಂತು ಒಂದು ಟ್ರಂಪೆಟ್ ಮಾತ್ರ ಹಾಡುತ್ತದೆ. ಅದಕ್ಕೆ ಎಲ್ಲ ಶಾಲೆಗಳಿಂದ ಆಯ್ದು ತೆಗೆದದ್ದು ಬ್ರಾಂಟ್‌ವಿಲ್‌ನ ಮ್ಯಾರೆನ್ ಅನ್ರೂಳನ್ನು. ಒಂದು ಮಗು ಬಂದರೆ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಮ್ಮ ಎಲ್ಲರೂ ಟಿಕೆಟ್ ಕೊಂಡು ಹಿಂದೆ ಬರುತ್ತಾರೆ ಎಂಬ ಲೆಕ್ಕಾಚಾರ ರೋಂಡಾಗೆ ಆಗ ಹೊಳೆಯಲಿಲ್ಲ. ಮನೆಮನೆಗೆ ಹೋಗಿ ತಾನೇ ಟಿಕೆಟ್ ಮಾರಿದಳು.

ಮ್ಯಾರೆನ್‌ಳ ಅಪ್ಪ ಡ್ವೇನ್ ರೋಂಡಾಳ ಜೊತೆ ಓದಿದವನು. ಮಾತು ಕಡಿಮೆ, ಹೊಲ ಜಾಸ್ತಿ. ಮಗಳ ಸಂಗೀತ ಕಾರ್ಯಕ್ರಮ ಒಂದಕ್ಕೂ ಅವನು ಬಂದಿರಲಿಲ್ಲ; ಅವೆಲ್ಲ ಬಿತ್ತನೆಗೋ ಕೊಯ್ಲಿಗೋ ಸರಿಯಾಗಿ ಬಂದು ಬೀಳುತ್ತಿದ್ದವು. ಈ ಸಲ ರೋಂಡಾ ಜೋಳದ ಹೊಲಕ್ಕೇ ನಡೆದು, ಕೊಯ್ಲಿನ ಯಂತ್ರಕ್ಕೆ ಅಡ್ಡ ನಿಂತಿದ್ದಳು.

“ಏನೇ ಇದು, ಸಾಯ್ಬೇಕು ಅಂತಿದ್ದೀಯಾ?” ಎಂದಿದ್ದ ಡ್ವೇನ್.

“ನೀನು ಬರ್ಲೇಬೇಕು ಕಣೋ. ನಾನು ಮಾತು ಕೊಡ್ತೀನಿ. ಅಷ್ಟು ದೊಡ್ಡ ಮೈದಾನದ ಮಧ್ಯ ನಿಂತು ನಿನ್ನ ಮಗಳು ಒಬ್ಬಳೇ ಊದ್ತಾಳೆ.”

“ಮಳೆ ಬಂದ್ರೆ ಜೋಳ ಯಾರು ಕೊಯ್ತಾರೆ?”

“ನಿನ್ನ ಹೆಂಡ್ತಿ. ಕೇಳ್ಕೊಂಡೇ ಬಂದಿದ್ದೀನಿ.”

ಹಾಗಾಗಿ ಇವತ್ತು ಹೆಂಡತಿ ಯಂತ್ರದ ಮೇಲಿದ್ದಳು, ಗಂಡ ದಕ್ಷಿಣದ ಮೂಲೆಯಲ್ಲಿದ್ದ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವನು ಕಂಬಿಯ ಬಳಿ ಇಳಿದು ಬಂದು ರೋಂಡಾಳನ್ನು ಕರೆದ. ಒಗೆದ ಅಂಗಿ, ಕುತ್ತಿಗೆಯವರೆಗೆ ಗುಂಡಿ.

“ಪಡುವಣದಲ್ಲಿ ಮೋಡ ಎದ್ದಿದೆಯಂತೆ. ಅವಳು ಫೋನ್ ಮಾಡಿದ್ಲು. ಇವಳದ್ದು ಯಾವಾಗ?”

“ಇಂಟರ್ವಲ್‌ಗೆ. ಮುಗಿದ ತಕ್ಷಣ ಹೊರಟುಬಿಡು.”

“ಸರಿ. ಅಲ್ಲಿಂದ ಕೇಳಿಸುತ್ತಾ?”

“ಚೆನ್ನಾಗಿ ಕೇಳಿಸುತ್ತೆ,” ಎಂದಳು ರೋಂಡಾ.

ವಿರಾಮಕ್ಕೆ ಮುಂಚೆ ಅವಳು ಮಕ್ಕಳನ್ನು ಎಬ್ಬಿಸಿಕೊಂಡು, ಮೈದಾನಕ್ಕೆ ತೆರೆಯುವ ಸುರಂಗದ ದಾರಿಗೆ ಇಳಿದಳು. ನೇರಳೆ ತಂಡ ಅಷ್ಟು ಹೊತ್ತಿಗೇ ಮೂವತ್ತೆಂಟು–ಮೂರರಿಂದ ಸೋಲುತ್ತಿತ್ತು. ಸುರಂಗದ ಬಾಯಲ್ಲಿ ಪ್ರೆಸ್ಟನ್ ಕೈ ಅಡ್ಡ ಹಿಡಿದ.

“ಒಂದು ಸಣ್ಣ ಬದಲಾವಣೆ ಮೇಡಂ. ಇಂಟರ್ವಲ್‌ನಲ್ಲಿ ಪಿಕಪ್ ಸ್ಪರ್ಧೆ ಇಟ್ಟಿದ್ದಾರೆ. ಟೈರ್ ಒಳಗೆ ಚೆಂಡು ಎಸೆದವರಿಗೆ ಹೊಸ ಗಾಡಿ. ಟೀವಿಯವರು ಕೊಟ್ಟಿರೋ ಟೈಮು ಅದಕ್ಕೇ ಸರಿಹೋಗುತ್ತೆ. ನೀವು ಸೀಟಲ್ಲೇ ಇರಿ, ಮಕ್ಕಳನ್ನ ದೊಡ್ಡ ಪರದೆ ಮೇಲೆ ತೋರಿಸ್ತೀವಿ. ಎಲ್ಲರೂ ಕೈ ಬೀಸಿದ್ರೆ ಆಯ್ತು.”

“ನುಡಿಸೋದು?”

“ಮುಂದಿನ ವರ್ಷ ಖಂಡಿತಾ.”

“ಇದು ನಿಮಗೆ ಯಾವಾಗ ಗೊತ್ತಾಯ್ತು?”

ಪ್ರೆಸ್ಟನ್ ಫೋನು ನೋಡಿಕೊಂಡ. “ಮಂಗಳವಾರ ತೀರ್ಮಾನ ಆಯ್ತು.”

“ಮಂಗಳವಾರ! ಇವತ್ತು ಶನಿವಾರ ಕಣ್ರೀ. ಒಂದು ಮಾತು ಹೇಳಬಾರದಾಗಿತ್ತಾ?”

“ಹೇಳಿದ್ರೆ ನೀವು ಬರ್ತಿದ್ರಾ ಮೇಡಂ?”

ಅವನು ಕುಹಕದಿಂದೇನೂ ಹೇಳಲಿಲ್ಲ. ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದ. ಅದೇ ರೋಂಡಾಳ ನೆತ್ತಿಗೆ ಏರಿದ್ದು. ಮೋಸ ಮಾಡುವವನಿಗೆ ಕಡೇಪಕ್ಷ ತಾನು ಮೋಸ ಮಾಡುತ್ತಿದ್ದೇನೆ ಎಂದಾದರೂ ಗೊತ್ತಿರುತ್ತದೆ. ಈ ಹುಡುಗನಿಗೆ ಅದೂ ಗೊತ್ತಿರಲಿಲ್ಲ. ಅವನ ಕಣ್ಣಿಗೆ ಮಕ್ಕಳು, ಟ್ಯೂಬಾ, ಶರ್ಟು ಎಲ್ಲವೂ ಸೀಟು ತುಂಬುವ ಸಾಮಾನು.

ಅಷ್ಟರಲ್ಲಿ ವಿರಾಮ ಶುರುವಾಗಿ, ಮೈದಾನದಲ್ಲಿ ಒಬ್ಬ ದಪ್ಪನೆಯ ಮನುಷ್ಯ ಮೊಟ್ಟೆಯಾಕಾರದ ಚೆಂಡನ್ನು ಟೈರಿನ ಕಡೆ ಎಸೆದ. ಅದು ಟೈರಿನಿಂದ ಮಾರುದೂರ ಹೋಗಿ ಬಿತ್ತು. ಧ್ವನಿವರ್ಧಕದಲ್ಲಿ ಅದಕ್ಕೂ ಚಪ್ಪಾಳೆಯ ಸದ್ದು ಹಾಕಿದರು. ಜನ ಪಾನೀಯ ತರಲು ಎದ್ದು ಹೋಗುತ್ತಿದ್ದರು. ದಕ್ಷಿಣದ ಮೂಲೆಯಲ್ಲಿ ಒಬ್ಬನೇ ಒಬ್ಬ ಎದ್ದು ನಿಂತು ಮೈದಾನ ನೋಡುತ್ತಿದ್ದ. ಚರ್ಚಿನಲ್ಲಿ ನಿಂತವನ ಹಾಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

“ಮಿಸ್, ಅಪ್ಪಂಗೆ ಗೊತ್ತಾ?” ಎಂದಳು ಮ್ಯಾರೆನ್. ಅವಳು ಅಳುತ್ತಿರಲಿಲ್ಲ. ಟ್ರಂಪೆಟ್ಟಿನ ಮೂತಿ ತಣ್ಣಗಾಗದಿರಲೆಂದು ಅದನ್ನು ಇನ್ನೂ ಮುಷ್ಟಿಯಲ್ಲಿ ಮುಚ್ಚಿ ಹಿಡಿದಿದ್ದಳು.

ರೋಂಡಾ ತಿರುಗಿದಳು. “ಎಲ್ಲರೂ ವಾದ್ಯ ಎತ್ಕೊಳ್ಳಿ. ಶರ್ಟ್ ಬಿಚ್ಚಿ.”

“ಮೇಲಕ್ಕಾ ಮಿಸ್?”

“ಅಲ್ಲ. ಹೊರಗೆ.”

“ಮ್ಯಾಚ್ ಇನ್ನೂ ಮುಗಿದಿಲ್ವಲ್ಲ ಮಿಸ್,” ಎಂದ ಕೋಲ್ಬಿ.

“ಮೂವತ್ತೆಂಟು–ಮೂರು. ಇನ್ನೇನೋ ಮುಗಿಯೋಕಿದೆ ಅದರಲ್ಲಿ?”

ಪ್ರೆಸ್ಟನ್‌ನ ಮುಖದ ಬಣ್ಣ ಇಳಿಯಿತು. “ಮೇಡಂ, ಹೋಗಬೇಡಿ. ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ.”

“ಬೇಡ.”

“ಅಲ್ಲ, ಕ್ಯಾಮೆರಾ ನೇರ ನಿಮ್ಮ ಸೀಟಿಗೇ ಇದೆ. ಅಷ್ಟೂ ಖಾಲಿ ಕಾಣ್ಸುತ್ತೆ!”

“ಖಾಲಿ ಇದ್ದದ್ದು ಖಾಲಿ ಕಾಣ್ಲಿ.”

“ನಿಮ್ಮ ಪ್ರಿನ್ಸಿಪಾಲ್‌ಗೆ ಫೋನ್ ಮಾಡ್ಬೇಕಾಗುತ್ತೆ ನಾನು.”

“ಮಾಡಪ್ಪ. ನಂಬರ್ ಬೇಕಾ?” ರೋಂಡಾಳ ದನಿ ಏರಿತು. “ನಾಚ್ಕೆ ಆಗ್ಬೇಕು ನಿಮ್ಗೆ. ಮೂರು ತಿಂಗಳು ಅಭ್ಯಾಸ ಮಾಡಿದ್ದಾವೆ ಈ ಮಕ್ಕಳು. ನುಡಿಸಿ ಅಂತ ಕರೆದು ಕಿವಿಗೆ ಹೂ ಇಟ್ರಲ್ಲ! ಇವರ ಮುಖ ಬೇಕಿರಲಿಲ್ಲ, ರಾಗ ಬೇಕಿರಲಿಲ್ಲ, ಕೂರೋಕೆ ಕುಂಡೆ ಬೇಕಿತ್ತು ನಿಮಗೆ!”

ಮೇಡಂ ಬಾಯಲ್ಲಿ ಆ ಮಾತು ಕೇಳಿ ಮಕ್ಕಳು ಉಸಿರು ಹಿಡಿದರು. ಆಮೇಲೆ ಒಬ್ಬೊಬ್ಬರಾಗಿ ಶರ್ಟು ಬಿಚ್ಚಿ ಪ್ರೆಸ್ಟನ್‌ನ ತೋಳ ಮೇಲೆ ಹಾಕುತ್ತ ನಡೆದರು. ರಾಶಿ ಅವನ ಗದ್ದದವರೆಗೆ ಬಂತು. ಕೊನೆಗೆ ಕೋಲ್ಬಿ ಟ್ಯೂಬಾದ ಶರ್ಟು ತೆಗೆದು ಮೇಲಿಟ್ಟ. “ಇವನು ಮಾತ್ರ ಕೊನೇವರೆಗೂ ಕೂರ್ತಿದ್ದ ಸಾರ್,” ಎಂದ.

ಹಿಂದೆಯೇ ಸುರಂಗಕ್ಕೆ ಇಳಿದಿದ್ದ ಬೇರೆ ಶಾಲೆಗಳ ಬ್ಯಾಂಡಿನವರು ಕದಲಲಿಲ್ಲ. ಪಕ್ಕದ ಊರಿನ ಮೇಷ್ಟ್ರು ನೆಲ ನೋಡುತ್ತ, “ನನಗೂ ಸಿಟ್ಟಿದೆ ರೋಂಡಾ, ಆದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದ. ತಂದೆತಾಯಂದಿರಿಗೆ ಫೋನಿನಲ್ಲಿ ಸುದ್ದಿ ಹೋಯಿತು. ಕೆಲವರು ಇಳಿದು ಬಂದರು. ಒಬ್ಬ ತಾಯಿ ಮೇಲಿನಿಂದಲೇ, “ದುಡ್ಡು ಕೊಟ್ಟು ಬಂದಿದ್ದೀವಿ, ನಿನ್ನ ಸಿಟ್ಟಿಗೆ ನಾವ್ಯಾಕೆ ಏಳ್ಬೇಕು?” ಎಂದು ಕೂಗಿದಳು. ಅವಳ ಮಗಳು, ಕೊಳಲಿನ ಹುಡುಗಿ, ಅತ್ತಿತ್ತ ನೋಡಿ, ಕೊನೆಗೆ ತಾಯಿಯ ಬಳಿಗೇ ಹೋದಳು. ರೋಂಡಾ ತಡೆಯಲಿಲ್ಲ. ಆದರೆ ಆ ಹುಡುಗಿ ಒಬ್ಬಳೇ ಮೆಟ್ಟಿಲು ಹತ್ತುವುದನ್ನು ನೋಡಿ ಅವಳಿಗೆ ಸಂಕಟವಾಯಿತು.

ಎಲ್ಲರಿಗಿಂತ ಕೊನೆಗೆ ಡ್ವೇನ್ ಬಂದ. ಬಾಗಿಲು ದಾಟಿದ್ದೇ ವಾಹನಗಳ ಕಡೆ ತಿರುಗಿದ. ರೋಂಡಾ ಹಿಂದೆ ಓಡಿದಳು.

“ಟೈರ್‌ಗೆ ಚೆಂಡು ಎಸೆಯೋದು ನೋಡೋಕೆ ಕರೆಸಿದ್ಯಾ ನನ್ನ?” ಎಂದ ಅವನು, ತಿರುಗದೆ. “ಜೋಳ ಇನ್ನೂ ಅರ್ಧ ನಿಂತಿದೆ. ಮೋಡ ಹತ್ತಿರ ಬಂತಂತೆ.”

ರೋಂಡಾ ಅವನಿಗೆ ಅಡ್ಡ ಹೋಗಿ ನಿಂತಳು. ಮಾತು ಕೊಟ್ಟವಳು ಅವಳು, ಪ್ರೆಸ್ಟನ್ ಅಲ್ಲ.

“ಐದು ನಿಮಿಷ ಇರು ಡ್ವೇನ್. ಬೇಡ್ಕೋತೀನಿ.”

ವಾಹನಗಳ ಸಾಲಿನ ನಡುವೆ ಒಂದಿಷ್ಟು ಬರಿಯ ಹುಲ್ಲಿತ್ತು. ಮಕ್ಕಳು ಅಲ್ಲೇ ಸಾಲಾದರು, ಭುಜಕ್ಕೆ ಭುಜ ತಾಗುವ ಹಾಗೆ ಒತ್ತಾಗಿ. ಗಾಳಿ ಬೀಸುತ್ತಿತ್ತು; ಟೋಪಿಯ ಗರಿಗಳೆಲ್ಲ ಒಂದೇ ಕಡೆ ವಾಲಿದವು. ಕೆಂಡದ ಮುಂದೆ ಕೂತಿದ್ದ ಮುದುಕನೊಬ್ಬ ಇಕ್ಕಳ ಹಿಡಿದು ಎದ್ದ.

“ಏನಮ್ಮಾ, ಒಳಗಿಂದ ಓಡಿಸಿದ್ರಾ?”

“ನಾವೇ ಬಂದ್ವಿ ತಾತ.”

“ನಾನು ಮೂರು ವರ್ಷದ ಹಿಂದೆಯೇ ಬಂದೆ. ಟಿಕೆಟ್ ಮಾತ್ರ ಪ್ರತಿ ಸಲ ತಗೋತೀನಿ, ಹಾಳು ಅಭಿಮಾನ,” ಎಂದು ಅವನು ಮೊಮ್ಮಗನಿಗೆ ಟೀವಿ ಆರಿಸಲು ಹೇಳಿದ. ಪಕ್ಕದ ಪಿಕಪ್ಪಿನವರೂ ಆರಿಸಿದರು. ಕೈಯಲ್ಲಿ ತಟ್ಟೆ ಹಿಡಿದ ಜನ ಸುತ್ತ ನೆರೆದರು.

ರೋಂಡಾ ಕೈ ಎತ್ತಿದಳು. ಹತ್ತಾರು ಬ್ಯಾಂಡು ಸೇರಿ ನುಡಿಸಬೇಕಾದ್ದನ್ನು ಒಂದೇ ಬ್ಯಾಂಡು ಹಿಡಿದಾಗ ಅದು ತೆಳ್ಳಗೆ, ಆದರೆ ನೆಟ್ಟಗೆ ಎದ್ದಿತು. ಎಲ್ಲ ವಾದ್ಯಗಳೂ ನಿಲ್ಲುವ ಜಾಗಕ್ಕೆ ಬಂದು ನಿಂತವು. ಮ್ಯಾರೆನ್ ಎರಡು ಹೆಜ್ಜೆ ಮುಂದೆ ಬಂದು ಟ್ರಂಪೆಟ್ ಎತ್ತಿದಳು. ಮೊದಲ ಸ್ವರ ಗಾಳಿಯಲ್ಲಿ ಕೊಂಚ ನಡುಗಿ, ಆಮೇಲೆ ಗಟ್ಟಿಯಾಯಿತು. ಡ್ವೇನ್ ತನ್ನ ಗಾಡಿಯ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದ.

ರಾಗ ಮೇಲಕ್ಕೇರುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆಯಿಂದ ಧ್ವನಿವರ್ಧಕ ಅಬ್ಬರಿಸಿತು. ಇಂದಿನ ಪ್ರೇಕ್ಷಕರ ಸಂಖ್ಯೆ ಈ ವರ್ಷದಲ್ಲೇ ಅತಿ ಹೆಚ್ಚು. ಬಂದ ಪ್ರತಿಯೊಬ್ಬ ಅಭಿಮಾನಿಗೂ, ಅದರಲ್ಲೂ ನಮ್ಮ ಪುಟ್ಟ ಬ್ಯಾಂಡಿನ ಗೆಳೆಯರಿಗೂ, ಅವರ ಕುಟುಂಬಗಳಿಗೂ ಹೃತ್ಪೂರ್ವಕ ವಂದನೆ. ಆಮೇಲೆ ಮತ್ತೆ ಆ ಡಬ್ಬಿಯಲ್ಲಿ ತುಂಬಿಟ್ಟ ಚಪ್ಪಾಳೆ. ಮ್ಯಾರೆನ್ ನಿಲ್ಲಿಸಲಿಲ್ಲ. ಕೆನ್ನೆ ಕೆಂಪಾಗಿ ಊದುತ್ತಲೇ ಇದ್ದಳು. ಗದ್ದಲ ಅಡಗುವ ಹೊತ್ತಿಗೆ ಅವಳ ಭಾಗ ಮುಗಿಯುತ್ತ ಬಂದಿತ್ತು. ಕೊನೆಯ ಸ್ವರವೊಂದು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ರಾಗ ಮುಗಿಯಿತು. ಮುದುಕ ಇಕ್ಕಳದಿಂದ ತಟ್ಟೆ ಬಡಿದ. ಜನ ಚಪ್ಪಾಳೆ ಹೊಡೆದರು. ರೋಂಡಾ ಅಲ್ಲಾಡದೆ ನಿಂತಿದ್ದಳು. ಆ ಹಾಳು ಧ್ವನಿವರ್ಧಕವನ್ನು ಕಿತ್ತು ಎಸೆಯುವಷ್ಟು ಸಿಟ್ಟಿತ್ತು ಅವಳಿಗೆ.

ಡ್ವೇನ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಅದನ್ನು ತೆಗೆದು ಹೆಂಡತಿಯ ಹೆಸರು ನೋಡಿದ, ಪಡುವಣದ ಆಕಾಶ ನೋಡಿದ. ಗಾಳಿಯಲ್ಲಿ ಆಗಲೇ ಒದ್ದೆ ಮಣ್ಣಿನ ವಾಸನೆಯಿತ್ತು. ಫೋನನ್ನು ಗಾಡಿಯ ಸೀಟಿನ ಮೇಲೆಸೆದು, ಬಾಗಿಲು ಹಾಕಿ, ಮಕ್ಕಳ ಸಾಲಿನ ಹತ್ತಿರಕ್ಕೆ ನಡೆದು ಬಂದ.

“ಮಧ್ಯದ್ದು ಕೇಳಿಸ್ಲಿಲ್ಲ ಮಗಾ,” ಎಂದ. “ಇನ್ನೊಂದ್ಸಲ ಊದು.”

ಮ್ಯಾರೆನ್ ಟ್ರಂಪೆಟ್ಟಿನ ಸಣ್ಣ ಕೀಲಿ ಒತ್ತಿ, ಊದಿ ಒಳಗೆ ಕಟ್ಟಿದ್ದ ಉಸಿರಿನ ನೀರನ್ನು ಹುಲ್ಲಿನ ಮೇಲೆ ಕೊಡವಿದಳು. ಅಂಗೈಯಿಂದ ತುಟಿ ಒರೆಸಿಕೊಂಡು, ಮತ್ತೆ ಎತ್ತಿದಳು.