ತಿರುಗಿ ನೋಡದ ಗೊಂಬೆ

ಎಲ್ಲಿಂದ ಶುರು ಮಾಡಲಿ? ಕುತ್ತಿಗೆಯಿಂದಲೇ ಮಾಡೋಣ, ತಕರಾರು ಇರುವುದೇ ಅಲ್ಲಿ. (ಮೊದಲ ಡ್ರಾಫ್ಟು ಸೂರ್ಯೋದಯದಿಂದ ಶುರುವಾಗಿತ್ತು. ನನಗೇ ಆಕಳಿಕೆ ಬಂದು ಹರಿದು ಹಾಕಿದೆ.)

೧

ಡಿಸೈನರ್ ಹುಡುಗಿ ಒಂದು ಗೇಮ್‌ಗಾಗಿ ಕಂಪ್ಯೂಟರಿನಲ್ಲಿ ಯೋಧೆಯೊಬ್ಬಳನ್ನು ಮಾಡಿದ್ದಳು. ಸೊಂಟ ದಾಟುವ ದಪ್ಪ ಜಡೆ. ಮನೆ ಬಿಟ್ಟು ಹೊರಡುವಾಗ ಆ ಯೋಧೆ ಒಮ್ಮೆ ತಿರುಗಿ ನೋಡುತ್ತಾಳೆ. ಆ ನೋಟಕ್ಕೆ ಜನ ಮರುಳಾದರು. ಈಗ ಅವಳು ಕೈ, ಕಾಲು, ಕತ್ತು ಆಡಿಸುವ ಗೊಂಬೆಯಾಗಬೇಕು. ಸ್ಯಾಂಪಲ್ ಬಂತು. ಕೈ ಆಡಿತು, ಕಾಲು ಆಡಿತು. ಕುತ್ತಿಗೆ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಸ್ಕ್ರೀನ್ ಮೇಲೆ ನಿನ್ನ ಯೋಧೆಯ ಜಡೆ ಭುಜದೊಳಗೇ ತೂರಿಕೊಂಡು ಹೋಗ್ತಿತ್ತಮ್ಮ, ಯಾರೂ ಗಮನಿಸಿಲ್ಲ," ಎಂದರು ಗೊಂಬೆಗಳಿಗೆ ಕೀಲು ಕೂರಿಸುವ ಹಿರಿಯರು. ವರ್ಕ್‌ಶಾಪಿಗೆಲ್ಲ ಅವರು ಮಾವ. "ಪ್ಲಾಸ್ಟಿಕ್ ಹಾಗೆ ತೂರಲ್ಲ. ಜಡೆ ಕತ್ತರಿಸು, ಇಲ್ಲ ತಿರುಗೋದನ್ನ ಮರೆತುಬಿಡು."

"ಎರಡೂ ಆಗಲ್ಲ ಮಾವ. ಅದು ನಮ್ಮಕ್ಕನ ಜಡೆ."

೨

ಹಿಂದಿನ ಡ್ರಾಫ್ಟಿನಲ್ಲಿ ಇಲ್ಲಿ ನಾನು ಅಕ್ಕನನ್ನು ಸಾಯಿಸಿದ್ದೆ. ನಿಮ್ಮ ಕಣ್ಣು ಒದ್ದೆಯಾಗಲಿ ಎಂಬ ಸಣ್ಣ ದುರಾಸೆ. ಹುಡುಗಿ ನನ್ನ ಮೇಲೆ ಹರಿಹಾಯ್ದಳು.

"ಸತ್ತಿಲ್ಲ ರೀ! ಗಟ್ಟಿಮುಟ್ಟಾಗಿದಾಳೆ. ಅಪ್ಪನ ಹತ್ರ ಜಗಳ ಆಡಿ ಮನೆ ಬಿಟ್ಟು ಹೋದ್ಲು, ಅಷ್ಟೆ. ಅವತ್ತು ಜಡೆ ಹಾಕಿದ್ದು ನಾನೇ. ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ದೆ. ಒಂದ್ಸಲ, ಒಂದೇ ಒಂದ್ಸಲ ತಿರುಗಬಾರದಿತ್ತಾ?"

ಅಕ್ಕನನ್ನು ಬದುಕಿಸಿದೆ.

೪

(ಮೂರನೆಯದರಲ್ಲಿ ನನ್ನ ತತ್ವಜ್ಞಾನವಿತ್ತು. ನೀವು ಬಚಾವಾದಿರಿ.)

ಮಾವ ಮೆತ್ತನೆಯ ರಬ್ಬರಿನಲ್ಲಿ ಹೊಸ ಜಡೆ ಎರಕ ಹೊಯ್ದು ತಂದರು. ಕುತ್ತಿಗೆ ತಿರುಗಿತು! ಹುಡುಗಿ ಬಗ್ಗಿ ಆ ಪುಟ್ಟ ಕಣ್ಣುಗಳನ್ನು ನೋಡಿದಳು. ಬೆರಳು ತೆಗೆದದ್ದೇ ತಡ, ಬಾಗಿದ್ದ ರಬ್ಬರು ನೆಟ್ಟಗಾಗುತ್ತಾ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿತು. ಗೊಂಬೆ ಮತ್ತೆ ಆಚೆ ನೋಡುತ್ತಿತ್ತು.

"ಕೀಲು ಇನ್ನೂ ಬಿಗಿ ಮಾಡಿದ್ರೆ ಮುರಿದೇ ಹೋಗುತ್ತೆ ಮಗಳೇ," ಎಂದರು ಮಾವ.

ಅಂತ್ಯ ಒಂದು: ಅವಳು ಜಡೆ ಕತ್ತರಿಸುತ್ತಾಳೆ. (ಕತ್ತರಿ ಎತ್ತಿಕೊಂಡಳು. ಇಟ್ಟುಬಿಟ್ಟಳು.)

ಅಂತ್ಯ ಎರಡು: ಕಾಲಿಂಗ್ ಬೆಲ್ ಆಗುತ್ತದೆ, ಬಾಗಿಲಲ್ಲಿ ಅಕ್ಕ.

"ಅಷ್ಟು ಸುಲಭವಾಗಿ ಬರೋ ಹಾಗಿದ್ರೆ ನಾನ್ಯಾಕೆ ಗೊಂಬೆ ಮಾಡ್ತಿದ್ದೆ?" ಎಂದಳು ಹುಡುಗಿ.

ಹಾಗಾದರೆ ಕುತ್ತಿಗೆಗೆ ಅಂಟು ಹಾಕಿಬಿಡಲೇ ಎಂದು ಕೇಳಿದೆ.

"ಬೇಡ ರೀ. ಆಗ ಅವಳು ತಿರುಗಿದ ಹಾಗಾಗಲ್ಲ. ನಾವು ತಿರುಗಿಸಿಟ್ಟ ಹಾಗಾಗುತ್ತೆ."

ಮಾವ ಊಟಕ್ಕೆ ಕರೆದು ಕರೆದು ಸಾಕಾಗಿ ಹೋದರು. ಹುಡುಗಿ ಗೊಂಬೆಯ ಕೆನ್ನೆಗೆ ಬೆರಳೊತ್ತಿ, ಆ ಮುಖವನ್ನು ತನ್ನ ಕಡೆ ತಿರುಗಿಸಿ ಹಿಡಿದು ಕೂತಿದ್ದಾಳೆ. ಬೆರಳು ಜೋಮು ಹಿಡಿಯುತ್ತಿದೆ. ಮುಂದೇನಾಯಿತು ಎಂದು ನೀವು ಕೇಳುತ್ತೀರಿ, ಗೊತ್ತು. ಆದರೆ ಕಥೆ ಮುಗಿಸಿದರೆ ಅವಳು ಬೆರಳು ತೆಗೆಯಬೇಕಾಗುತ್ತದೆ. ನಾನು ಮುಗಿಸುವುದಿಲ್ಲ.