ಸ್ವಲ್ಪ ಹುಷಾರಿಲ್ಲ

“ಕಜೆತಾನ್‌ಗೆ ಸ್ವಲ್ಪ ಹುಷಾರಿಲ್ಲ,” ಎಂದು ನಾರ್ಬರ್ಟ್ ಫೋನಿನಲ್ಲಿ ಹೇಳುತ್ತಿದ್ದ. ಕಜೆತಾನ್ ಸತ್ತು ಹದಿನಾಲ್ಕು ಗಂಟೆಯಾಗಿತ್ತು.

ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಜೂಡಿತ್ ತಲೆ ಎತ್ತಲಿಲ್ಲ. ಗಂಡನ ಈ ಕೆಲಸ ಅವಳಿಗೆ ಹೊಸದಲ್ಲ. ಹೋಟೆಲೊಂದರ ಸ್ಟೋರ್ ಕೀಪರ್ ಆಗಿ ದುಬೈಯಲ್ಲಿ ಇಪ್ಪತ್ತೆರಡು ವರ್ಷ ಕಳೆದ ನಾರ್ಬರ್ಟ್‌ಗೆ ಸಂಬಳವಿಲ್ಲದ ಇನ್ನೊಂದು ಉದ್ಯೋಗವೂ ಇತ್ತು. ಕರಾವಳಿ ಕಡೆಯವರು ಯಾರಾದರೂ ಇಲ್ಲಿ ತೀರಿಕೊಂಡರೆ ಅವರ ಕಾಗದಪತ್ರ ಮಾಡಿಸುವುದು, ಹೆಣಕ್ಕೆ ಔಷಧ ತುಂಬಿಸಿ ಪೆಟ್ಟಿಗೆ ಮುಚ್ಚುವವರೆಗೆ ಜತೆಗೆ ನಿಲ್ಲುವುದು, ಊರಿನ ಮನೆಗೆ ಸುದ್ದಿ ಮುಟ್ಟಿಸುವುದು. ಈ ಕೊನೆಯದ್ದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಅವನು ಸಾವನ್ನು ಮೂರು ಕಂತಿನಲ್ಲಿ ಹೇಳುತ್ತಿದ್ದ. ಮೊದಲು, ಸ್ವಲ್ಪ ಹುಷಾರಿಲ್ಲ. ಒಂದೆರಡು ಗಂಟೆ ಬಿಟ್ಟು, ಆಸ್ಪತ್ರೆಗೆ ಸೇರಿಸಿದ್ದೇವೆ, ಡಾಕ್ಟರರು ನೋಡುತ್ತಿದ್ದಾರೆ, ಪ್ರಾರ್ಥನೆ ಮಾಡಿ. ಸಂಜೆ, ಮನೆಯಲ್ಲಿ ನಾಲ್ಕು ಜನ ನೆಂಟರು ಸೇರಿದ್ದಾರೆಂದು ಖಾತ್ರಿ ಮಾಡಿಕೊಂಡ ಮೇಲೆ, ಉಳಿದದ್ದು.

“ಒಮ್ಮೆಗೇ ಹೇಳಿದ್ರೆ ಎದೆ ಒಡೆದು ಹೋಗ್ತದೆ ಮಾರಾಯ್ತಿ,” ಎನ್ನುತ್ತಿದ್ದ. ಅದನ್ನು ಸುಳ್ಳು ಎನ್ನಲು ಜೂಡಿತ್‌ಗೂ ಬಾಯಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ಬಂತು. ಹೊಟ್ಟೆಯ ಮೇಲಿಂದ ಎದ್ದು ಎದೆ, ಕುತ್ತಿಗೆ, ಕಿವಿಯ ತುದಿ. ಒಲೆಯ ಬಾಗಿಲು ಯಾರೋ ತೆರೆದಂತೆ. ನೈಟಿಯ ಬೆನ್ನು ಕ್ಷಣದಲ್ಲಿ ಒದ್ದೆಯಾಯಿತು. ನಾರ್ಬರ್ಟ್ ಫೋನು ಕಿವಿಯಿಂದ ತೆಗೆಯದೆಯೇ ಎಡಗೈಯಿಂದ ರಿಮೋಟ್ ಹುಡುಕಿ ಏಸಿಯನ್ನು ಹದಿನೆಂಟರಿಂದ ಹದಿನಾರಕ್ಕೆ ಇಳಿಸಿದ. ಆಮೇಲೆ ಕುರ್ಚಿಯ ಮೇಲಿದ್ದ ಉಣ್ಣೆಯ ಮಂಕಿ ಕ್ಯಾಪನ್ನು ತಲೆಗೆ ಎಳೆದುಕೊಂಡ. ಹೊರಗೆ ಆಗಸ್ಟು, ನಲವತ್ತನಾಲ್ಕು ಡಿಗ್ರಿ. ಇಡೀ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಮಾತಾಡುವ ಗಂಡಸು ಇವನೊಬ್ಬನೇ ಇದ್ದಿರಬೇಕು.

ಅವರಿಬ್ಬರ ನಡುವೆ ಇದಕ್ಕೆ ಹೆಸರಿರಲಿಲ್ಲ. ನಾರ್ಬರ್ಟ್ ‘ನಿನ್ನ ಸೆಕೆ’ ಎನ್ನುತ್ತಿದ್ದ. ಅದಕ್ಕಿಂತ ಮುಂದಕ್ಕೆ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಈ ಕೆಲಸದಲ್ಲಿ ನಾರ್ಬರ್ಟ್‌ನ ಜತೆಗಾರ ಓಸ್ವಾಲ್ಡ್ ಕಾರು ತರುತ್ತೇನೆಂದಿದ್ದ. ಕಜೆತಾನ್‌ನ ಪಾಸ್‌ಪೋರ್ಟನ್ನೂ ಪೆಟ್ಟಿಗೆಯಲ್ಲಿ ಮಲಗಿಸುವಾಗ ತೊಡಿಸಲು ಒಂದು ಒಳ್ಳೆಯ ಅಂಗಿಯನ್ನೂ ತರಲು ಇಬ್ಬರೂ ಅವನಿದ್ದ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿಗೆ ಹೋಗಬೇಕಿತ್ತು. ಕೆಳಗೆ ಕಾರು ಬಂತೇ ನೋಡಲು ಜೂಡಿತ್ ಬಾಲ್ಕನಿಯ ಗಾಜಿನ ಬಾಗಿಲ ಹತ್ತಿರ ಹೋದಳು. ಗಾಜು ಬೆಳ್ಳಗೆ ಮಬ್ಬಾಗಿತ್ತು. ಅಂಗೈಯಿಂದ ಉಜ್ಜಿದಳು. ಹೋಗಲಿಲ್ಲ.

“ಹೊರಗಿನ ಮಂಜು ಒಳಗಿಂದ ಒರೆಸಿದ್ರೆ ಹೋಗ್ತದಾ?” ನಾರ್ಬರ್ಟ್ ನಗುತ್ತ ಬಾಗಿಲು ಸರಿಸಿ ಹೊರಗೆ ಹೋದ. ತೋಳಿನಿಂದ ಗಾಜು ಒರೆಸಿ, ಒರೆಸಿದ ಜಾಗದಲ್ಲಿ ಮುಖ ತಂದು ಅವಳಿಗೆ ಕಣ್ಣು ಹೊಡೆದ. ಐವತ್ನಾಲ್ಕು ವರ್ಷದ ಮನುಷ್ಯ. ಅವಳಿಗೆ ನಗು ಬಂತು.

ಅವನು ಹೋದ ಮೇಲೆ ಜೂಡಿತ್ ಮತ್ತೆ ಲ್ಯಾಪ್‌ಟಾಪಿನ ತನ್ನ ತಖ್ತೆಗೆ ಬಂದಳು.

ಜುಮೇರಾ ಲೇಕ್ ಟವರ್ಸ್‌ನ ಕಂಪನಿಯೊಂದರಲ್ಲಿ ಅವಳು ಖರೀದಿ ವಿಭಾಗದಲ್ಲಿದ್ದಳು. ಪಂಪು, ವಾಲ್ವು, ಕೇಬಲ್ಲು. ಮೂರು ಕೊಟೇಶನ್ ಇಲ್ಲದೆ ಒಂದು ಬೋಲ್ಟನ್ನೂ ಕೊಳ್ಳಬಾರದೆಂಬುದು ಅಲ್ಲಿಯ ನಿಯಮ. ತನ್ನ ಮೈಗೂ ಅವಳು ಅದೇ ನಿಯಮ ಹಾಕಿದ್ದಳು. ಎಕ್ಸೆಲ್‌ನಲ್ಲಿ ಮೂರು ಕಾಲಂ, ಮುಟ್ಟು ನಿಲ್ಲುವ ಕಾಲದ ಸೆಕೆಗೆ ಹಾರ್ಮೋನಿನ ಔಷಧ ಕೊಡುವ ಮೂರು ವೆಬ್‌ಸೈಟು. ಇಂಗ್ಲೆಂಡಿನದ್ದು ಮಾತ್ರೆ. ಅಮೆರಿಕದ್ದು ಹಚ್ಚುವ ಕ್ರೀಮು. ದುಬೈಯದ್ದೇ ಒಂದು ಕ್ಲಿನಿಕ್ಕು, ಆನ್‌ಲೈನಿನಲ್ಲಿ ಫಾರ್ಮ್ ತುಂಬಿಸಿದರೆ ಭಾನುವಾರ ಡಾಕ್ಟರ್ ಫೋನು ಮಾಡುತ್ತಾರೆ, ಒಪ್ಪಿಗೆಯಾದರೆ ಹೊಟ್ಟೆಯ ಕೆಳಗೆ ಅಂಟಿಸುವ ಪಟ್ಟಿ ಕೊಡುತ್ತಾರೆ.

ಮೂರೂ ಸೈಟುಗಳಲ್ಲಿ ಬೆಳ್ಳಿಕೂದಲಿನ ಒಬ್ಬಳೇ ಹೆಂಗಸು ಸಮುದ್ರದ ದಡದಲ್ಲಿ ನಿಂತು ನಗುತ್ತಿದ್ದಳು. ಅವಳಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯುವಂತಿರಲಿಲ್ಲ.

ಕ್ರೀಮಿನವರು ತಮ್ಮದು ‘ಸಂಪೂರ್ಣ ಸಹಜ’ ಎಂದಿದ್ದರು. ‘ಸಂಪೂರ್ಣ’ ಎನ್ನುವ ಸಪ್ಲೈಯರು ಸರ್ಟಿಫಿಕೇಟ್ ಕೇಳಿದಾಗ ಕೈ ಎತ್ತುತ್ತಾನೆಂದು ಜೂಡಿತ್‌ಗೆ ಹದಿನೇಳು ವರ್ಷದ ಅನುಭವ. ಅದನ್ನು ಹೊಡೆದುಹಾಕಿದಳು. ಮಾತ್ರೆ ಕೊರಿಯರ್‌ನಲ್ಲಿ ಬಂದು ಕಸ್ಟಮ್ಸ್‌ನಲ್ಲಿ ಕೂತರೆ ಬಿಡಿಸಿಕೊಳ್ಳಲು ಯಾರ ಯಾರ ಮುಂದೆ ಏನೇನು ವಿವರಿಸಬೇಕೋ. ಅದೂ ಹೋಯಿತು. ಉಳಿದದ್ದು ಪಟ್ಟಿ. ಷರಾ ಕಾಲಂನಲ್ಲಿ ‘ಆಗಸ್ಟಿನ ಬೆವರಿಗೆ ನಿಲ್ಲುವುದೇ?’ ಎಂದು ಬರೆದಿದ್ದಳು. ಅದರ ಕೆಳಗೆ, ‘ಗರ್ಭಕೋಶ ಇದ್ದವರಿಗೆ ಜತೆಯಲ್ಲಿ ಪ್ರೊಜೆಸ್ಟರೋನ್ ಬೇಕೇ ಬೇಕು.’ ತನ್ನ ಗರ್ಭಕೋಶವನ್ನು ತಾನೇ ಸಾಮಾನಿನ ಪಟ್ಟಿಯಲ್ಲಿ ಸೇರಿಸಿದ್ದು ನೋಡಿ ಅವಳಿಗೆ ತುಸು ವಿಚಿತ್ರವೆನಿಸಿತು.

ತಮಾಷೆಯಲ್ಲ. ಹತ್ತು ತಿಂಗಳಿಂದ ಒಂದೇ ಒಂದು ದಿನವೂ ಪೂರ್ತಿ ನಿದ್ದೆ ಮಾಡಿಲ್ಲ. ಹೋದ ವಾರ ಮೀಟಿಂಗಿನಲ್ಲಿ ‘ವಾಲ್ವ್’ ಎಂಬ ಶಬ್ದ ನೆನಪಾಗದೆ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದ್ದಳು. ಒಂದು ಜತೆ ಸಾಕ್ಸ್‌ಗಾಗಿ ಮಗಳು ಜೋಯ್ಲಿನ್ ಮೇಲೆ ಕಿರುಚಿ, ಆ ದನಿ ತನ್ನದೆಂದು ನಂಬದೆ ಬಚ್ಚಲಿಗೆ ಹೋಗಿ ಅತ್ತಿದ್ದಳು. ಅವಳಿಗೆ ಬೇಕಾದದ್ದು ಯೌವನವಲ್ಲ. ನಲವತ್ತೊಂಬತ್ತು ವರ್ಷ ಪರಿಚಯವಿದ್ದ ಆ ಹಳೆಯ ಜೂಡಿತ್, ಅಷ್ಟೇ.

ಫಾರ್ಮಿನಲ್ಲಿ ಹತ್ತೊಂಬತ್ತು ಪ್ರಶ್ನೆ. ಹದಿಮೂರು ತುಂಬಿಸಿದ್ದಳು. ಹದಿನಾಲ್ಕನೆಯದು: ತಾಯಿಗೆ ಅಥವಾ ಸಹೋದರಿಗೆ ಸ್ತನದ ಕ್ಯಾನ್ಸರ್ ಇತ್ತೇ? ಹೌದು. ಇಲ್ಲ. ಗೊತ್ತಿಲ್ಲ ಎನ್ನಲು ಖಾನೆಯಿರಲಿಲ್ಲ. ಬಿಟ್ಟು ಮುಂದೆ ಹೋಗಲು ಫಾರ್ಮ್ ಬಿಡುತ್ತಿರಲಿಲ್ಲ.

ತಾಯಿ ಸತ್ತಾಗ ಜೂಡಿತ್‌ಗೆ ಹದಿನೈದು, ಸಿಸ್ಟರುಗಳ ಬೋರ್ಡಿಂಗಿನಲ್ಲಿದ್ದಳು. ‘ಮಾಂಯ್‌ಗೆ ಸ್ವಲ್ಪ ಹುಷಾರಿಲ್ಲ, ಬಾ’ ಎಂದು ಕರೆಸಿಕೊಂಡಿದ್ದರು. ಬಂದಾಗ ಸಾವಿಗೆ ಬಂದವರಿಗೆಂದು ಅಂಗಳದಲ್ಲಿ ಬೆಂಚು ಹಾಕಿತ್ತು. ಅದರ ಹಿಂದಿನ ರಜೆಯಲ್ಲಿ ತಾಯಿ ಎಡಗೈಯನ್ನು ಮೈಗೆ ಒತ್ತಿಕೊಂಡೇ ಓಡಾಡುತ್ತಿದ್ದದ್ದು, ಹತ್ತಿರ ಹೋದರೆ ರವಿಕೆಯಿಂದ ಅರಿಶಿನದ ವಾಸನೆ ಬರುತ್ತಿದ್ದದ್ದು ನೆನಪಿತ್ತು. ಕೇಳಿದರೆ ಗ್ಯಾಸ್ ಎಂದಿದ್ದರು.

ಅವಳು ಊರಿಗೆ ಅಕ್ಕನಿಗೆ ಫೋನು ಮಾಡಿದಳು.

“ಊಟ ಆಯ್ತಾ?” ಜೋಸ್ಫಿನ್ ಅಕ್ಕ ಕೇಳಿದಳು.

“ಅಕ್ಕಾ, ಮಾಂಯ್ ಯಾವುದರಲ್ಲಿ ಸತ್ತದ್ದು?”

“ಇದೆಂತ ಪ್ರಶ್ನೆ ಮಾರಾಯ್ತಿ, ಊಟದ ಹೊತ್ತಿಗೆ?”

“ಒಂದು ಫಾರ್ಮ್ ತುಂಬಿಸ್ಲಿಕ್ಕುಂಟು.”

“ವೀಸಾದ್ದಾ?”

“ಹೌದು,” ಎಂದಳು ಜೂಡಿತ್. ಎಷ್ಟು ಸಲೀಸಾಗಿ ಬಂತು.

“ಗ್ಯಾಸ್ ಅಂತ ಬರಿ.”

“ಗ್ಯಾಸಿನಲ್ಲಿ ಯಾರೂ ಸಾಯುವುದಿಲ್ಲ.”

“ನಮ್ಮಲ್ಲಿ ಸಾಯ್ತಾರೆ.”

ಇಬ್ಬರೂ ನಕ್ಕರು. ಅಕ್ಕನ ನಗು ಮೊದಲಿನಂತೆಯೇ ಇತ್ತು. ಆ ನಗು ಮುಗಿಯುವ ಮುಂಚೆ ಜೂಡಿತ್ ಕೇಳಿಬಿಟ್ಟಳು.

“ಎದೆಯಲ್ಲಿ ಗಂಟು ಇತ್ತಾ?”

ಆ ಕಡೆ ಪಾತ್ರೆಯ ಸದ್ದು ನಿಂತಿತು.

“ನಾರ್ಬರ್ಟ್ ಹೇಳಿದ್ದಾ?”

“ನಾರ್ಬರ್ಟ್‌ಗೆ ಮಾಂಯ್‌ನ ವಿಷಯ ಎಂತ ಗೊತ್ತು? ಅವರು ನೋಡಿಯೇ ಇಲ್ಲ.”

“ಅಲ್ಲ, ಹಾಗೇ ಕೇಳಿದೆ. ಡಿಸೆಂಬರಿನಲ್ಲಿ ರಜೆಗೆ ಬರ್ತೀಯಲ್ಲ, ಕೂತು ಮಾತಾಡುವ. ನಿನ್ನ ಸೆಕೆ ಹೇಗುಂಟು ಈಗ?”

“ನನ್ನ ಸೆಕೆ ನಿನಗೆ ಯಾರು ಹೇಳಿದ್ದು?”

“ದುಬೈ ಅಲ್ಲವಾ, ಸೆಕೆ ಇರ್ತದಲ್ಲ,” ಎಂದಳು ಅಕ್ಕ. “ಇಡ್ತೇನೆ ಮಗಾ, ನೀರು ಸೇದಿ ಕೊಡ್ಲಿಕ್ಕೆ ಹರಿಣಾಕ್ಷಿ ಬಂದಿದ್ದಾಳೆ.”

ಹರಿಣಾಕ್ಷಿ ಪಕ್ಕದ ಮನೆಯವಳು. ಒಳ್ಳೆಯ ಹೆಂಗಸು. ಆದರೆ ಅಕ್ಕ ತನ್ನ ಬಾವಿಯ ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟದ್ದನ್ನು ಜೂಡಿತ್ ಕಂಡಿರಲಿಲ್ಲ. ಅವಳು ಫೋನನ್ನು ಮೇಜಿನ ಮೇಲಿಟ್ಟು ತನ್ನ ಎಡಗೈಯನ್ನು ಮೆಲ್ಲನೆ ಮೈಗೆ ಒತ್ತಿ ಹಿಡಿದು ನೋಡಿದಳು.

ನಾರ್ಬರ್ಟ್ ಒಂದೂವರೆಗೆ ಬಂದ. ಸ್ನಾನ ಮಾಡಿ, ಬಟ್ಟಲ ಮುಂದೆ ಕೂತು, ಕಜೆತಾನ್‌ನ ಮನೆಗೆ ಫೋನು ಮಾಡಿ ಎರಡನೆಯ ಕಂತು ಹೇಳಿದ. “ಆಸ್ಪತ್ರೆಗೆ ಸೇರಿಸಿದ್ದೇವೆ ಬಾಯಮ್ಮ. ಡಾಕ್ಟರರು ನೋಡ್ತಾ ಇದ್ದಾರೆ.” ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವನು ಇದನ್ನು ಒಣ ಕಣ್ಣಿನಲ್ಲಿ ಹೇಳಿದ್ದಿಲ್ಲ. ಅದಕ್ಕೇ ಜೂಡಿತ್ ಅವನನ್ನು ಮದುವೆಯಾದದ್ದರ ಬಗ್ಗೆ ಎಂದೂ ಮರುಯೋಚನೆ ಮಾಡಿರಲಿಲ್ಲ.

ಜೋಯ್ಲಿನ್ ಬಟ್ಟಲು ಹಿಡಿದುಕೊಂಡು ತನ್ನ ಕೋಣೆಗೆ ಹೋದಳು. ಜೂಡಿತ್ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಗಂಡನ ಕಡೆ ಸರಿಸಿದಳು. ತಮ್ಮನ ಹೊಸ ಮನೆಯ ಒಕ್ಕಲಿಗೆಂದು ಹೋದ ನವೆಂಬರಿನಲ್ಲಿ ಒಬ್ಬನೇ ಊರಿಗೆ ಹೋಗಿದ್ದವನು ತಂದದ್ದು. ಅಕ್ಕ ಕಳಿಸಿದ್ದು ಎಂದಿದ್ದ. ಅಕ್ಕನ ಕೈರುಚಿ ಬದಲಾಗಿದೆ ಎಂದು ಇವಳು ಆಗಲೇ ಹೇಳಿದ್ದಳು. ಈ ಸಲ ಉಪ್ಪು ಬೇರೆ ಎಂದಿದ್ದ.

“ಇದು ಯಾರು ಹಾಕಿದ್ದು?”

ನಾರ್ಬರ್ಟ್ ಬಾಟಲಿ ನೋಡಿದ. ಹೆಂಡತಿಯ ಮುಖ ನೋಡಿದ.

“ಹರಿಣಾಕ್ಷಿ.”

“ಅಕ್ಕನಿಗೆ ಏನಾಗಿದೆ?”

“ಎಂತ ಆಗ್ಲಿಕ್ಕೆ? ಸ್ವಲ್ಪ ಹುಷಾರಿರಲಿಲ್ಲ.”

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಕೈ ಅನ್ನದಲ್ಲಿ ನಿಂತಿತು.

“ಮುಂದಿನದು ಹೇಳಿ,” ಎಂದಳು ಜೂಡಿತ್.

“ಆಪರೇಷನ್ ಆಯ್ತು. ನವೆಂಬರಿನಲ್ಲಿ. ಎಡಗಡೆಯದ್ದು ತೆಗೆದ್ರು.” ಅವನು ಅನ್ನಕ್ಕೇ ಹೇಳುತ್ತಿದ್ದ. “ಒಂಬತ್ತು ದಿನ ನಾನೇ ಇದ್ದೆ ಆಸ್ಪತ್ರೆಯಲ್ಲಿ. ನೀನು ಆಗ ನಿದ್ದೆಯಿಲ್ಲದೆ ಅರ್ಧ ಆಗಿದ್ದಿ. ನಿನಗೆ ಹೇಳ್ಬಾರ್ದು ಅಂತ ಅವಳೇ ಆಣೆ ಹಾಕಿಸಿದ್ದು. ಅವಳಿಗೆ ತನ್ನದಕ್ಕಿಂತ ನಿನ್ನದೇ ಚಿಂತೆ, ಜೂಡಿ. ಆಪರೇಷನ್ ಕೋಣೆಗೆ ಹೋಗುವಾಗಲೂ ನಿನ್ನ ಸೆಕೆಯ ವಿಷಯವೇ ಕೇಳಿದ್ದು.”

ಜೂಡಿತ್‌ಗೆ ಅಳು ಉಕ್ಕಿ ಬಂತು. ಒಂಬತ್ತು ದಿನ ಅಕ್ಕನ ಹಾಸಿಗೆಯ ಪಕ್ಕ ಕೂತವನ ಮೇಲೆ ಪ್ರೀತಿ ಬಂತು. ಅದೇ ಕ್ಷಣದಲ್ಲಿ, ತನ್ನ ಸುತ್ತ ಇಷ್ಟೊಂದು ಪ್ರೀತಿ ಮಾಡುವ ಜನ ಕೈ ಕೈ ಹಿಡಿದು ಬೇಲಿಯಾಗಿ ನಿಂತಿದ್ದಾರೆಂದೂ ಅನ್ನಿಸಿತು. ತಾನೂ ಅಕ್ಕನಿಗೆ ವೀಸಾದ ಫಾರ್ಮ್ ಎಂದಿದ್ದಳು.

“ಮಾಂಯ್‌ಗೂ ಅದೇನಾ?”

“ಅದು ನನಗೆ ಗೊತ್ತಿಲ್ಲ. ಅಕ್ಕ ಹೇಳ್ಲಿಲ್ಲ.”

“ಈಗ ಅಕ್ಕ ಹೇಗಿದ್ದಾಳೆ?”

“ಆರಾಮಿದ್ದಾಳೆ. ದೇವರಾಣೆ.”

“ಇದು ಎಷ್ಟನೆಯ ಕಂತು?”

ನಾರ್ಬರ್ಟ್ ಬಟ್ಟಲನ್ನು ಆಚೆ ಸರಿಸಿದ. “ನನ್ನ ಮೇಲೆ ನಂಬಿಕೆ ಇಲ್ಲವಾ ನಿನಗೆ?”

“ನಿಮ್ಮ ಫೋನು ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೇನೆ.”

ಅವನು ಎದ್ದು ಕೈ ತೊಳೆದ. ಇಬ್ಬರ ಬಟ್ಟಲನ್ನೂ ತೊಳೆದಿಟ್ಟ. ಅಕ್ಕನಿಗೆ ಜೂಡಿತ್ ಎರಡು ಸಲ ಫೋನು ಮಾಡಿದಳು. ರಿಂಗಾಗಿ ನಿಂತಿತು. ಮಧ್ಯಾಹ್ನ ಮಲಗಿರ್ತಾಳೆ, ಎಂದ ನಾರ್ಬರ್ಟ್. ಅವನು ಮಲಗಲಿಲ್ಲ.

ಐಸ್‌ಕ್ರೀಮಿಗೆಂದು ಹೊರಗೆ ಬಂದ ಜೋಯ್ಲಿನ್ ತಾಯಿಯ ಮುಖ ನೋಡಿ ಫ್ರಿಜ್ಜಿನ ಬಾಗಿಲಲ್ಲೇ ನಿಂತಳು.

“ಮಮ್ಮಾ, ಆರ್ ಯೂ ಓಕೆ?”

ಹದಿನಾರು ವರ್ಷದ ಹುಡುಗಿ. ನಾಳೆ ಕೆಮಿಸ್ಟ್ರಿಯ ಟ್ಯೂಷನ್.

“ಏನಿಲ್ಲ,” ಎಂದಳು ಜೂಡಿತ್. “ಸ್ವಲ್ಪ ಹುಷಾರಿಲ್ಲ.”

“ಟೇಕ್ ಸಮ್ ಪನಡಾಲ್,” ಎಂದು ಜೋಯ್ಲಿನ್ ತಾಯಿಯ ನೆತ್ತಿಗೊಂದು ಮುತ್ತು ಕೊಟ್ಟು ಹೋದಳು.

ಐದು ಗಂಟೆಗೆ ಜೂಡಿತ್ ಲ್ಯಾಪ್‌ಟಾಪ್ ತೆರೆದಳು. ಹದಿನಾಲ್ಕನೆಯ ಪ್ರಶ್ನೆಯಲ್ಲಿ ‘ಹೌದು’ ಒತ್ತಿದಳು. ಫಾರ್ಮ್ ನಿಲ್ಲಲಿಲ್ಲ, ಗದರಲಿಲ್ಲ. ಇದನ್ನು ಡಾಕ್ಟರ್ ನಿಮ್ಮೊಡನೆ ವಿವರವಾಗಿ ಚರ್ಚಿಸುತ್ತಾರೆ ಎಂದು ಮರ್ಯಾದೆಯಿಂದ ಹೇಳಿತು. ‘ಯಾರಿಗೆ?’ ಎಂದು ಕೇಳಿತು. ‘ಸಹೋದರಿ’ ಒತ್ತಿದಳು. ತಾಯಿಯ ಖಾನೆಯ ಮೇಲೆ ಸ್ವಲ್ಪ ಹೊತ್ತು ಬೆರಳು ಆಡಿಸಿ ಬಿಟ್ಟಳು. ಕೆಳಗೆ ಹೊಸದೊಂದು ಸಾಲು ತೆರೆಯಿತು.

ಅವರ ಈಗಿನ ಸ್ಥಿತಿ: ಗುಣವಾಗಿದ್ದಾರೆ. ಚಿಕಿತ್ಸೆಯಲ್ಲಿದ್ದಾರೆ. ತೀರಿಕೊಂಡಿದ್ದಾರೆ.

ಅಲ್ಲೂ ಮೂರೇ.

ಆಗ ನಾರ್ಬರ್ಟ್‌ನ ಫೋನು ಮೇಜಿನ ಮೇಲೆ ನಡುಗಿತು. ಹರಿಣಾಕ್ಷಿ, ಎಂದು ಹೆಸರು ಹೊಳೆಯಿತು. ಇಬ್ಬರೂ ಅದನ್ನು ನೋಡಿದರು. ಕಜೆತಾನ್‌ನ ಮನೆಗೆ ಮೂರನೆಯ ಕಂತು ಹೇಳುವ ಹೊತ್ತೂ ಅದೇ ಆಗಿತ್ತು.

“ಸುಮ್ಮನೆ ಮಾಡಿರ್ತಾಳೆ,” ಎಂದ ನಾರ್ಬರ್ಟ್. ಫೋನೆತ್ತಿಕೊಂಡು ಬಾಲ್ಕನಿಗೆ ನಡೆದ. ಹೊರಗಿನ ಬಿಸಿ ಅವಳಿಗೆ ತಾಗದಿರಲೆಂದು ಗಾಜಿನ ಬಾಗಿಲನ್ನು ಎಳೆದು ಭದ್ರವಾಗಿ ಮುಚ್ಚಿದ. ಸ್ನಾನದ ಮೇಲೆ ಮತ್ತೆ ಹಾಕಿಕೊಂಡಿದ್ದ ಮಂಕಿ ಕ್ಯಾಪು ತಲೆಯ ಮೇಲೆ ಹಾಗೇ ಇತ್ತು.

ಸಮುದ್ರದ ಗಾಳಿ ತಿರುಗಿತ್ತು. ಗಾಜು ಮತ್ತೆ ಮಬ್ಬಾಗಿತ್ತು, ಅದರಾಚೆ ಅವನು ಒಂದು ಆಕಾರ ಮಾತ್ರ. ಜೂಡಿತ್‌ಗೆ ಹೊಟ್ಟೆಯ ಮೇಲಿಂದ ಬೆಂಕಿ ಎದ್ದಿತು. ಎದೆ, ಕುತ್ತಿಗೆ, ಕಿವಿಯ ತುದಿ. ಅವಳು ಎದ್ದು ಹೋಗಿ ಬಾಗಿಲಿಗೆ ಮುಖ ತಂದು ನಿಂತಳು. ಅವನು ಏನೂ ಮಾತಾಡುತ್ತಿರಲಿಲ್ಲ, ಬರೀ ಕೇಳುತ್ತಿದ್ದ. ಆಮೇಲೆ ಅವಳ ಕಡೆ ತಿರುಗಿ, ಅಂಗೈ ಎತ್ತಿ, ಏನಿಲ್ಲ ಏನಿಲ್ಲ ಎಂಬಂತೆ ಆಡಿಸಿದ. ನಕ್ಕನೋ ಇಲ್ಲವೋ ಕಾಣಲಿಲ್ಲ.

ಈ ಸಲ ಅವನು ಗಾಜು ಒರೆಸಲಿಲ್ಲ. ಜೂಡಿತ್ ಒಳಗಿಂದ ಒರೆಸಿದಳು. ಹೋಗುವುದಿಲ್ಲವೆಂದು ಗೊತ್ತಿತ್ತು. ಅಂಗೈಯಿಂದ, ಆಮೇಲೆ ನೈಟಿಯ ತುದಿಯಿಂದ, ಒರೆಸುತ್ತಲೇ ಇದ್ದಳು.