ಒಂಟಿ ಬಳೆ

ಮದುವೆಯ ಹಿಂದಿನ ಸಂಜೆ ಅಂಜಿನಮ್ಮ ತನ್ನ ತಾಯಿ ಈರಕ್ಕನ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು: ಗಂಡ ಇರುವ ತನಕ ಕೈ ಬರಿದು ಮಾಡಿಕೊಳ್ಳುವುದಿಲ್ಲ. ಮರುವರ್ಷವೇ ಈರಕ್ಕ ತೀರಿಕೊಂಡಳು. ಅಂಜಿನಮ್ಮನ ಕೈಗೆ ಆರಾರು ಹಸಿರು ಗಾಜಿನ ಬಳೆಗಳು ಮಾತ್ರ ತಪ್ಪಲಿಲ್ಲ.

ಗಂಡ ಕರಿಸಿದ್ದಪ್ಪ ಕೆಮ್ಮಣ್ಣುಗುಂಡಿಯ ಅದಿರು ಗಣಿಯಲ್ಲಿದ್ದ. ತಿಂಗಳಿಗೊಮ್ಮೆ ಬಂದರೆ ಬಂದ. ಅಜ್ಜಂಪುರದ ಮನೆಯಲ್ಲಿ ಅವಳಿಗಿದ್ದದ್ದು ಹತ್ತು ತಿಂಗಳ ಹೆಣ್ಣುಕೂಸು ಕಾಂತು ಒಂದೇ. ಹುಟ್ಟಿದಾಗ ಕೂಸು ಅತ್ತಿರಲಿಲ್ಲ. ನೀಲಿಗಟ್ಟಿದ್ದನ್ನು ಸೂಲಗಿತ್ತಿ ತಲೆಕೆಳಗೆ ಹಿಡಿದು ತಟ್ಟಿ ತಟ್ಟಿ, ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಾದ ಮೇಲೆ ಉಸಿರು ಬಂದಿತ್ತು. ಕತ್ತು ಇನ್ನೂ ನಿಂತಿರಲಿಲ್ಲ, ಮುಷ್ಟಿ ಬಿಚ್ಚುತ್ತಿರಲಿಲ್ಲ. ಆದರೆ ಅಂಜಿನಮ್ಮ ಹತ್ತಿರ ಬಂದಳೆಂದರೆ ಅವಳತ್ತ ಮುಖ ತಿರುಗಿಸಿ ನಗುತ್ತಿತ್ತು. ಆ ನಗುವೊಂದನ್ನೇ ನೆಚ್ಚಿಕೊಂಡು ಅವಳು ದಿನ ದೂಡುತ್ತಿದ್ದಳು.

ತರೀಕೆರೆಗೆ ಮಕ್ಕಳ ಡಾಕ್ಟರಮ್ಮ ಬಂದಿದ್ದಾರೆಂದು ಕೇಳಿ ಬೆಳಗಿನ ಬಸ್ಸು ಹಿಡಿದಳು. ಸಾಲಿನಲ್ಲಿ ಪಕ್ಕಕ್ಕೆ ಕೂತ ಮುದುಕಿ ಕೂಸಿನ ಮುಖದ ಮುಂದೆ ಬೆರಳಾಡಿಸಿ ನೋಡಿದಳು.

"ಏನವ್ವಾ, ನಿನ್ ಮಗ್ಳು ಥೇಟ್ ಅಮಲ್ದಾರ್ರೇ. ಎದ್ರುಗಿರೋರ್ನ ಕಣ್ಣೆತ್ತಿ ನೋಡಲ್ಲ."

"ನಿನ್ನ ನೋಡಾಕೇನೈತೆ ಅಜ್ಜೀ? ನನ್ ಕಂಡ್ರೆ ನಗ್ತಾಳೆ."

ಡಾಕ್ಟರಮ್ಮ ಟೇಪಿನಿಂದ ತಲೆ ಅಳೆದರು. ಪುಟ್ಟ ಸುತ್ತಿಗೆಯಿಂದ ಮಂಡಿ ತಟ್ಟಿದರು. ಕಾಲು ಬೇಕಾದ್ದಕ್ಕಿಂತ ಜೋರಾಗಿ ಎಗರಿತು. ಟಾರ್ಚ್ ಬಿಟ್ಟಾಗ ಕಣ್ಣಿನ ಪಾಪೆ ಕಿರಿದಾಯಿತು. ಕೆಂಪು ಉಲ್ಲನ್ ಉಂಡೆ ಅತ್ತಿಂದಿತ್ತ ಆಡಿಸಿದರೆ ಮಾತ್ರ ಕಣ್ಣು ಅದರ ಹಿಂದೆ ಹೋಗಲಿಲ್ಲ.

"ನಿನ್ನ ಗುರುತು ಹಿಡೀತಾಳಾ?"

"ಹಿಡೀದೆ ಏನ್ರೀ?" ಅಂಜಿನಮ್ಮ ಬಗ್ಗಿದಳು. ಬಳೆ ಘಲ್ಲೆಂದವು. ಕಾಂತು ತಿರುಗಿ ನಕ್ಕಿತು. "ನೋಡುದ್ರಾ?"

ಡಾಕ್ಟರಮ್ಮ ನೋಡುತ್ತಿದ್ದದ್ದು ಅವಳ ಕೈಯನ್ನು. "ಬಳೆ ತೆಗೆದು ಒಂದ್ಸಲ ಮಗು ಹತ್ರ ಬಾಮ್ಮ."

ಅಂಜಿನಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಮ್ ಯಜಮಾನ್ರು ಅವ್ರೆ ಕಣ್ರೀ. ಕೆಮ್ಮಣ್ಣುಗುಂಡೀಲಿ."

ಡಾಕ್ಟರಮ್ಮ ಉಲ್ಲನ್ ಉಂಡೆ ಕೆಳಗಿಟ್ಟರು. "ಬಳೆಗಾರ ಬಂದಾಗ ಏನ್ ಮಾಡ್ತೀಯ?"

"ಒಂದ್ ಉಳಿಸ್ಕಂಡು ಮಿಕ್ಕಿದ್ ತೆಗೀತೀವಿ."

"ಹಾಗೇ ಮಾಡು. ಕೈಗೊಂದು ಇರ್ಲಿ."

ಸೋಪಿನ ನೀರು ಹಚ್ಚಿ ಹತ್ತು ಬಳೆ ಇಳಿಸಿ ಮೇಜಿನ ಮೇಲಿಟ್ಟಳು. ಒಂಟಿ ಬಳೆ ಸದ್ದು ಮಾಡುವುದಿಲ್ಲ. ಉಸಿರು ಬಿಗಿಹಿಡಿದು, ಕೂಸಿನ ಮುಖಕ್ಕೆ ಒಂದು ಗೇಣು ದೂರದಲ್ಲಿ ತನ್ನ ಮುಖ ತಂದು ನಕ್ಕಳು. ಕಾಂತುವಿನ ಕಣ್ಣು ಅವಳನ್ನು ದಾಟಿ ಎತ್ತಲೋ ಇತ್ತು. ಅವಳು ಹುಬ್ಬು ಹಾರಿಸಿದಳು, ನಾಲಗೆ ಚಾಚಿದಳು. ಖಾಲಿ ಗೋಡೆಯ ಎದುರು ಇರುವಂತೆಯೇ ಇತ್ತು ಕೂಸು.

"ಕಣ್ಣು ಚೆನ್ನಾಗೇ ಇವೆ," ಎಂದರು ಡಾಕ್ಟರಮ್ಮ. "ಹುಟ್ಟೋವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಗಿದೆ. ಕಣ್ಣು ಕಂಡದ್ದು ಅಲ್ಲಿಗೆ ಮುಟ್ತಿಲ್ಲ. ಮುಂದೆ ಒಂದಿಷ್ಟು ಕಂಡ್ರೂ ಕಾಣಬಹುದು, ಈಗ್ಲೇ ಹೇಳಕ್ಕಾಗಲ್ಲ. ಮೂರು ತಿಂಗಳು ಬಿಟ್ಟು ಕರ್ಕೊಂಡು ಬಾ."

ಬಳೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು. ಅಜ್ಜಂಪುರ ರಸ್ತೆಯ ತಿರುವಿನವರೆಗೂ ಮಡಿಲಲ್ಲಿದ್ದ ಕೂಸು ಅವಳ ಕಡೆ ತಿರುಗಲೂ ಇಲ್ಲ, ನಗಲೂ ಇಲ್ಲ. ಅವಳು ಗಂಟು ಬಿಚ್ಚಿ ಒಂದು ಬಳೆ ಏರಿಸಿದಳು. ಅದು ಮೊದಲಿನದಕ್ಕೆ ತಾಗಿ ಕಿಣ್ಣೆಂದಿತು. ಕಾಂತು ಆ ಕಡೆಗೆ ತಿರುಗಿ ನಕ್ಕಿತು.

ಉಳಿದ ಒಂಬತ್ತನ್ನೂ ಹಾಕಿಕೊಂಡಳು. ಈರಕ್ಕನಿಗೆ ಕೊಟ್ಟ ಮಾತು ಉಳಿದಿತ್ತು. ಕೈ ಬರಿದಾಗಿರಲಿಲ್ಲ.